ತಿರುಗುವ ಡ್ರಿಲ್ ಬಿಟ್ ಮರದಲ್ಲಿ ಚೌಕ ತೂತು ಕೊರೆಯುತ್ತದೆಯೇ?

ಮರದ ಮೇಲೆ ಒಂದು ಬಿಟ್ ಇಳಿಯುತ್ತದೆ, ಮೇಲೆದ್ದಾಗ ಅಲ್ಲಿ ಅಚ್ಚುಕಟ್ಟಾದ ಚೌಕ ತೂತು! ಇಂಥ ವಿಡಿಯೋ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. 'ಈ ಬಿಟ್ ತಂದು ಮನೆಯ ಡ್ರಿಲ್ಲಿಗೆ ಹಾಕಿದರೆ ಸಾಕು' ಎಂಬ ಮಾತನ್ನು ನಂಬಬಹುದೇ? ನೋಡೋಣ.

ವಿಡಿಯೋದಲ್ಲಿ ನಡೆಯುವುದೇನು?

ವಿಡಿಯೋ ಸುಳ್ಳಲ್ಲ, ಅರ್ಥೈಸಿದ್ದು ತಪ್ಪು. ಅದು ಮಾರ್ಟೈಸಿಂಗ್ ಮಷಿನ್. ಬಾಗಿಲು, ಕುರ್ಚಿಗಳಲ್ಲಿ ಒಂದು ಮರದ ನಾಲಿಗೆ ಇನ್ನೊಂದರೊಳಗೆ ಕೂರುವ ಗುಳಿ ಮಾಡಲು ಬಡಗಿಗಳು ಇದನ್ನು ಬಳಸುತ್ತಾರೆ.

ಅದರಲ್ಲಿ ಎರಡು ಭಾಗಗಳಿವೆ. ಒಳಗಿನ ಬೈರಿಗೆ ತಿರುಗಿ ದುಂಡನೆಯ ತೂತು ಕೊರೆಯುತ್ತದೆ. ಅದರ ಸುತ್ತಲಿನ ಟೊಳ್ಳಾದ ಚೌಕ ಉಳಿ ತಿರುಗುವುದೇ ಇಲ್ಲ. ಉದ್ದನೆಯ ಹಿಡಿಕೆಯನ್ನು ಬಲವಾಗಿ ಎಳೆದಾಗ ಕೆಳಗಿಳಿದು ನಾಲ್ಕು ಮೂಲೆಗಳನ್ನು ಕತ್ತರಿಸುತ್ತದೆ. ಪುಡಿ ಉಳಿಯ ಪಕ್ಕದ ಸೀಳಿನಿಂದ ಹೊರಬೀಳುತ್ತದೆ.

ತಿರುಗುತ್ತಲೇ ಚೌಕ ಕೊರೆಯುವ ಬಿಟ್ ಕೂಡ ಇದೆ. ಅದು ರೂಲೋ ತ್ರಿಕೋನ ಎಂಬ ಉಬ್ಬಿದ ಬದಿಗಳ ಆಕಾರವನ್ನು ಆಧರಿಸಿದ್ದು. ಆದರೆ ಅದಕ್ಕೆ ವಿಶೇಷ ಚಕ್ ಬೇಕು, ಮೂಲೆಗಳೂ ಸ್ವಲ್ಪ ದುಂಡಗೇ ಉಳಿಯುತ್ತವೆ.

ಕೈ ಡ್ರಿಲ್ಲಿಗೆ ಹಾಕಿದರೆ?

ಹಾಕಬೇಡಿ. ಉಳಿಯನ್ನು ಅಲುಗದಂತೆ ಹಿಡಿಯಲು ಅಲ್ಲಿ ಏನೂ ಇಲ್ಲ. ಬೈರಿಗೆಯ ಜೊತೆ ಹರಿತವಾದ ಉಳಿಯೂ ಗಿರಗಿರನೆ ತಿರುಗಿ ಕೈಗೆ ಗಾಯವಾಗಬಹುದು. ಈ ಬಿಟ್ ಗೋಡೆಗೂ ಕಬ್ಬಿಣಕ್ಕೂ ಅಲ್ಲ.

ಮಷಿನ್ ಹೊಂದಿಸುವುದು ಹೇಗೆ?

1. ಮೊದಲು ಪ್ಲಗ್ ತೆಗೆಯಿರಿ.

2. ಬೈರಿಗೆಯ ತುದಿ ಉಳಿಯ ತುದಿಗಿಂತ ಒಂದು ನಾಣ್ಯದ ದಪ್ಪದಷ್ಟು, ಅಂದರೆ 1ರಿಂದ 2 ಮಿ.ಮೀ. ಕೆಳಗಿರಲಿ. ಎರಡೂ ಉಜ್ಜಿದರೆ ಕಿರ್ ಎಂಬ ಸದ್ದು, ಹೊಗೆ ಬಂದು ಉಳಿ ಹಾಳಾಗುತ್ತದೆ. ಅಂತರ ತೀರಾ ಹೆಚ್ಚಾದರೆ ಪುಡಿ ಸಿಕ್ಕಿಕೊಳ್ಳುತ್ತದೆ.

3. ಮರ ಒರಗುವ ಹಿಂದಿನ ಪಟ್ಟಿಗೆ ಮೂಲೆಮಟ್ಟ ಇಟ್ಟು ಉಳಿ ನೇರವಾಗಿದೆಯೇ ನೋಡಿ. ಓರೆಯಾದರೆ ಗುಳಿಯ ಅಂಚು ಗರಗಸದ ಹಲ್ಲಿನಂತಾಗುತ್ತದೆ.

4. ಆಳವನ್ನು ನಾಲಿಗೆಯ ಉದ್ದಕ್ಕಿಂತ 1-2 ಮಿ.ಮೀ. ಹೆಚ್ಚಿಡಿ. ಉಳಿದ ಅಂಟಿಗೆ ಜಾಗ ಬೇಕು.

5. ಮರವನ್ನು ಕ್ಲಾಂಪಿನಿಂದ ಬಿಗಿಯಿರಿ. ಇಲ್ಲದಿದ್ದರೆ ಉಳಿ ಮೇಲೇಳುವಾಗ ಮರವನ್ನೂ ಎತ್ತುತ್ತದೆ.

ಕೊರೆಯುವ ಕ್ರಮ

ಮೊದಲು ಗುಳಿಯ ಎರಡು ತುದಿ ಕೊರೆಯಿರಿ. ಆಮೇಲೆ ನಡುವೆ ಉಳಿಯ ಅಗಲಕ್ಕಿಂತ ತುಸು ಕಡಿಮೆ ಜಾಗ ಬಿಟ್ಟು ಬಿಟ್ಟು ಕೊರೆದು, ಉಳಿದ ತುಂಡುಗಳನ್ನು ಕೊನೆಗೆ ತೆಗೆಯಿರಿ. ಹಿಂದಿನ ತೂತಿಗೆ ಅಂಟಿಕೊಂಡೇ ಕೊರೆದರೆ ಒಂದು ಬದಿಗೆ ಆಸರೆಯಿಲ್ಲದೆ ಉಳಿ ಖಾಲಿ ಕಡೆಗೆ ಬಾಗುತ್ತದೆ. ಆರಪಾರ ತೂತಾದರೆ ಎರಡೂ ಕಡೆಯಿಂದ ಅರ್ಧರ್ಧ ಕೊರೆಯಿರಿ, ಹಿಂಭಾಗ ಸಿಗಿಯುವುದಿಲ್ಲ.

ಕನ್ನಡಕ ಹಾಕಿಕೊಳ್ಳಿ, ಗ್ಲೌಸ್ ಬೇಡ. ತಿರುಗುವ ಬಿಟ್ ಅದನ್ನು ಎಳೆದುಕೊಳ್ಳುತ್ತದೆ. ಪುಡಿಯನ್ನು ಬ್ರಷ್‌ನಿಂದ ತೆಗೆಯಿರಿ, ಉಳಿ ಬಿಸಿಯಾಗಿರುತ್ತದೆ.

ನಮ್ಮ ನಿರ್ಣಯ: ವಿಡಿಯೋ ನಿಜ, ಜೊತೆಗಿನ ಮಾತು ತಪ್ಪು. ಚೌಕ ಮಾಡುವುದು ತಿರುಗುವ ಬಿಟ್ ಅಲ್ಲ, ತಿರುಗದ ಉಳಿ. ಆ ವಿಡಿಯೋ ಫಾರ್ವರ್ಡ್ ಮಾಡುವುದಾದರೆ 'ಕೈ ಡ್ರಿಲ್ಲಿಗೆ ಹಾಕಬೇಡಿ' ಎಂಬ ಸಾಲನ್ನೂ ಸೇರಿಸಿ.