ಬಸಂತಿಯ ಟಾಂಗಾ, ಬನಾರಸಿನ ಬೆರಳು

'ಶೋಲೆ'ಯಲ್ಲಿ ಬಸಂತಿಯ ಟಾಂಗಾವನ್ನು ಡಕಾಯಿತರು ಬೆನ್ನಟ್ಟುವ ದೃಶ್ಯ ನೆನಪಿದೆಯಲ್ಲ? ನಮ್ಮದೇ ರಾಮನಗರದ ಬಂಡೆಗಳು, ಧೂಳು, ಕುದುರೆ, ಚಾಟಿ ಬೀಸುವ ಹೇಮಮಾಲಿನಿ. ಎಷ್ಟೋ ಸಲ ನೋಡಿದ್ದೀರಿ. ಒಮ್ಮೆ ಕಣ್ಣು ಮುಚ್ಚಿ ಕೇಳಿ. ಗೊರಸಿನ ಸದ್ದಿನ ಜೊತೆ ಪಂತ ಕಟ್ಟಿ ಓಡುತ್ತಿರುವುದು ತಬಲಾ! ಆ ತಬಲಾ ಗಂಗೆಯ ದಡದ್ದು! ನುಡಿಸಿದವರು ಬನಾರಸಿನ ಪಂಡಿತ್ ಸಾಮತಾ ಪ್ರಸಾದ್, ಊರವರ ಬಾಯಲ್ಲಿ ಗುದಯಿ ಮಹಾರಾಜ್.

ಅವರು ಈ ಸಿನಿಮಾಕ್ಕೆ ಬಂದದ್ದು ಹೇಗೆ? ಇಲ್ಲಿದೆ ಇನ್ನೊಂದು ಸೋಜಿಗ. ಚಿತ್ರದ ಸಂಗೀತ ನಿರ್ದೇಶಕ ಆರ್.ಡಿ. ಬರ್ಮನ್ ಹುಡುಗನಾಗಿದ್ದಾಗ ತಬಲಾ ಕಲಿತದ್ದು ಇವರ ಬಳಿಯೇ. 1975ರಲ್ಲಿ ತೆರೆಗೆ ಬಂದ ಆ ಚಿತ್ರದಲ್ಲಿ ಶಿಷ್ಯನ ಸಂಗೀತಕ್ಕೆ ಗುರುವಿನ ಕೈ!

ಸಾಮತಾ ಪ್ರಸಾದ್ ಹುಟ್ಟಿದ್ದು 1921ರಲ್ಲಿ, ಕಾಶಿಯ ಕಬೀರ್ ಚೌರಾದಲ್ಲಿ. ಮನೆತನವೇ ತಬಲಾದ್ದು. ಪಾಠ ಶುರುಮಾಡಿದ ತಂದೆ ಬಾಚಾ ಮಿಶ್ರ, ಮಗ ಇನ್ನೂ ಎಳೆಯನಿರುವಾಗಲೇ ತೀರಿಕೊಂಡರು. ಮುಂದೆ ಕೈ ತಿದ್ದಿದವರು ಬಿಕ್ಕು ಮಹಾರಾಜ್. 1942ರಲ್ಲಿ ಅಲಹಾಬಾದಿನ ಸಂಗೀತ ಸಮ್ಮೇಳನದಲ್ಲಿ ನುಡಿಸಿದ್ದೇ ತಡ, ದೊಡ್ಡ ದೊಡ್ಡ ಗಾಯಕರು, ವಾದಕರು, ನರ್ತಕರು ಇವರೇ ಬೇಕೆಂದರು.

ಆ ಕೈಯಲ್ಲಿ ಅಂಥದ್ದೇನಿತ್ತು? ಲಖನೌದಲ್ಲಿ ಮೋದು ಖಾನರಿಂದ ಕಲಿತು ಬಂದ ರಾಮ್ ಸಹಾಯ್ ಕಾಶಿಯಲ್ಲಿ ಕಟ್ಟಿದ ಬನಾರಸ್ ಬಾಜ್, ಅಂದರೆ ನುಡಿಸುವ ಶೈಲಿ, ಆ ಕೈಯದು. ಮೃದಂಗದಂಥ ಪಖವಾಜದ ಗುಡುಗು ಇದರ ಬೆನ್ನೆಲುಬು. ದೆಹಲಿಯವರು ಪೇಶ್ಕಾರ್ ಎಂಬ ನಿಧಾನದ ಪೀಠಿಕೆ ಹಿಡಿದು ಸಾವಕಾಶವಾಗಿ ಏರಿದರೆ, ಬನಾರಸಿನವರು ಬಿರುಸಿನ ಆರಂಭವಾದ ಉಠಾನ್‌ನಿಂದ ಮೊದಲ ಕ್ಷಣಕ್ಕೇ ಸಭೆಯನ್ನು ಎಬ್ಬಿಸಿ ಕೂರಿಸುತ್ತಾರೆ! ಗುದಯಿ ಮಹಾರಾಜರ ಎಡಗೈಯನ್ನಂತೂ ಗಮನಿಸಬೇಕು. ಎಡಗೈ ನುಡಿಸುವ ಡಗ್ಗಾದ ಚರ್ಮದ ಮೇಲೆ ಮಣಿಕಟ್ಟು ಊರಿ ಮುಂದಕ್ಕೆ ಜಾರಿಸಿದರೆ ನಾದ ಬಾಗುತ್ತದೆ, ಏರುತ್ತದೆ, ಹೂಂಕರಿಸುತ್ತದೆ. ಜಾಝ್ ಡ್ರಮ್ಮರ್ ಸುತ್ತ ಡ್ರಮ್ಮುಗಳು, ಸಿಂಬಲ್‌ಗಳು, ಕಾಲಿಗೊಂದು ಪೆಡಲ್. ಇಲ್ಲಿ ಎರಡೇ ವಾದ್ಯ, ಹತ್ತೇ ಬೆರಳು!

1991ರಲ್ಲಿ ಪದ್ಮಭೂಷಣ ಬಂತು. 1994ರಲ್ಲಿ ಪುಣೆಯಲ್ಲಿ ತೀರಿಕೊಂಡರು. ಆದರೆ ಸಂಗೀತ ಸಭೆಯ ಮೆಟ್ಟಿಲನ್ನೇ ಹತ್ತದವರ ಕಿವಿಗೂ ಬನಾರಸ್ ಬಾಜನ್ನು ಹಾಕಿ ಹೋದರು. ಟೂರಿಂಗ್ ಟಾಕೀಸಿನ ಗಾಂಧಿ ಕ್ಲಾಸಿನಲ್ಲಿ ಕೂತವರೂ ಅದನ್ನು ಕೇಳಿದ್ದಾರೆ, ಹೆಸರು ಗೊತ್ತಿಲ್ಲದೆಯೇ!

ಇಷ್ಟಕ್ಕೇ ನಿಲ್ಲಬೇಡಿ. 1963ರ 'ಮೇರಿ ಸೂರತ್ ತೇರಿ ಆಂಖೇಂ' ಚಿತ್ರದಲ್ಲಿ ರಫಿ ಹಾಡಿದ 'ನಾಚೆ ಮನ್ ಮೋರಾ' ಕೇಳಿ. ಅಲ್ಲೂ ಇವರದೇ ಕೈ. ಆಮೇಲೆ ಅದೇ ಕಬೀರ್ ಚೌರಾದ ಕಿಶನ್ ಮಹಾರಾಜರನ್ನು ಕೇಳಿ. ಆಮೇಲೆ ಅದೇ ಊರಿನ ಅನೋಖೇಲಾಲ್ ಮಿಶ್ರರನ್ನು. ಕಲಿಯಲು ಕೂತ ಮಗುವಿಗೂ ಬರುವ 'ನಾ ಧಿಂ ಧಿಂ ನಾ' ಎಂಬ ನಾಲ್ಕು ಬೋಲ್‌ಗಳನ್ನು ನುಡಿಸಿ ಅವರು ಜಾದೂಗಾರನೆನಿಸಿಕೊಂಡರು!