ಕ್ಲಾಸ್‌ಗಳಿಗೂ ಉಂಟು ತರ್ಕದ ಕರಾರು

ಪ್ರಶ್ನೆ: ಪ್ರೋಗ್ರಾಮಿಂಗ್‌ನಲ್ಲಿ ಒಂದು ಕ್ಲಾಸ್‌ನ ಜಾಗದಲ್ಲಿ ಅದರ ಉಪಕ್ಲಾಸನ್ನು ಧೈರ್ಯವಾಗಿ ಬಳಸಬಹುದು ಎಂದು ಹೇಗೆ ಗೊತ್ತಾಗುತ್ತದೆ?

ಉತ್ತರ: ತರ್ಕಶಾಸ್ತ್ರದಿಂದ. 1969ರಲ್ಲಿ ಟೋನಿ ಹೋರ್ ಪ್ರೋಗ್ರಾಮಿನ ಪ್ರತಿ ತುಣುಕಿಗೂ ಎರಡು ಹೇಳಿಕೆ ಜೋಡಿಸಿದರು: ಕೆಲಸಕ್ಕೆ ಮೊದಲು ಯಾವುದು ನಿಜವಾಗಿರಬೇಕು, ಮುಗಿದ ಮೇಲೆ ಯಾವುದು ನಿಜವಾಗುತ್ತದೆ. ಬರ್ಟ್ರಂಡ್ ಮೇಯರ್ ಐಫೆಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಇದನ್ನೇ ಕ್ಲಾಸ್‌ಗಳ ಕರಾರಾಗಿಸಿದರು. ಉದಾಹರಣೆಗೆ, ಮದುವೆಮನೆಯ ಅಡುಗೆ ಒಪ್ಪಿಕೊಂಡ ಭಟ್ಟರು ತಮ್ಮ ಬದಲು ಇನ್ನೊಬ್ಬರನ್ನು ಕಳಿಸಿದರೆ, ಬಂದವರು ಹೆಚ್ಚು ಸಾಮಾನು ಕೇಳಬಾರದು. ಒಪ್ಪಿದ್ದಕ್ಕಿಂತ ಕಡಿಮೆ ಮಾಡಿ ಬಡಿಸಲೂಬಾರದು. ಉಪಕ್ಲಾಸಿಗೂ ಅಷ್ಟೇ: ಬೇಡಿಕೆ ಹೆಚ್ಚಬಾರದು, ಭರವಸೆ ತಗ್ಗಬಾರದು. ಬಾರ್ಬರಾ ಲಿಸ್ಕೋವ್ ಮತ್ತು ಜೆನೆಟ್ ವಿಂಗ್ 1994ರಲ್ಲಿ ಈ ನಿಯಮವನ್ನು ತರ್ಕದ ಭಾಷೆಯಲ್ಲಿ ನಿಖರಗೊಳಿಸಿದರು. ಆದರೆ ಜಾವಾ ಕಂಪೈಲರ್ ಟೈಪ್ ಹೊಂದುತ್ತದೆಯೇ ಎಂದಷ್ಟೇ ನೋಡುತ್ತದೆ. ಕರಾರು ಮುರಿಯದಂತೆ ಬರೆಯುವ ಹೊಣೆ ನಿಮ್ಮದೇ.