ಪರ್ಸೆಪೊಲಿಸ್: ಗೋಡೆಗಳಿಲ್ಲದ ಅರಮನೆ, ಮಣ್ಣಿನಲ್ಲಿ ಉಳಿದ ಕೂಲಿ ಲೆಕ್ಕ

ಇರಾನ್‌ನ ಶಿರಾಜ್ ನಗರದಿಂದ ಸುಮಾರು 60 ಕಿ.ಮೀ. ದೂರದಲ್ಲಿರುವ ಪರ್ಸೆಪೊಲಿಸ್‌ಗೆ ಹೋದವರಿಗೆ ಮೊದಲು ಹುಟ್ಟುವ ಪ್ರಶ್ನೆ ಒಂದೇ: ಅರಮನೆ ಎಲ್ಲಿ? ಎತ್ತರದ ಕಲ್ಲಿನ ಜಗಲಿಯ ಮೇಲೆ ಕಂಬಗಳಿವೆ, ಬಾಗಿಲುವಾಡಗಳಿವೆ, ಕಿಟಕಿಯ ಚೌಕಟ್ಟುಗಳಿವೆ. ಆದರೆ ಅವುಗಳ ನಡುವೆ ಇರಬೇಕಾದ ಗೋಡೆಗಳೇ ಇಲ್ಲ.

ಕಾರಣ ಇಷ್ಟೇ. ಕ್ರಿ.ಪೂ. 518ರ ಸುಮಾರಿಗೆ ಡೇರಿಯಸ್ ದೊರೆ ಇಲ್ಲಿ ಕಟ್ಟಡ ಕೆಲಸ ಆರಂಭಿಸಿದಾಗ ಕಂಬ, ಚೌಕಟ್ಟುಗಳಿಗೆ ಮಾತ್ರ ಕಲ್ಲು ಬಳಸಲಾಯಿತು. ಗೋಡೆಗಳು ಬಿಸಿಲಿನಲ್ಲಿ ಒಣಗಿಸಿದ ಮಣ್ಣಿನ ಇಟ್ಟಿಗೆಯವು, ಚಾವಣಿ ಮರದ್ದು. ಕ್ರಿ.ಪೂ. 330ರಲ್ಲಿ ಅಲೆಕ್ಸಾಂಡರ್ ಸೇನೆ ಅರಮನೆಗೆ ಬೆಂಕಿ ಇಟ್ಟಿತು. ಅಥೆನ್ಸ್ ಸುಟ್ಟಿದ್ದಕ್ಕೆ ಇದು ಸೇಡು ಎಂಬುದು ಒಂದು ವಾದ. ಕುಡಿದ ಅಮಲಿನಲ್ಲಿ ಆದ ಅನಾಹುತ ಎಂಬುದು ಇನ್ನೊಂದು ಕಥೆ. ಮರ ಸುಟ್ಟುಹೋಯಿತು, ಮಣ್ಣು ಮಳೆಗಾಳಿಗೆ ಕರಗಿತು, ಕಲ್ಲು ನಿಂತಿತು. ಅಪಾದಾನ ಎಂಬ ದೊಡ್ಡ ಸಭಾಂಗಣದ 72 ಕಂಬಗಳಲ್ಲಿ ಈಗ ನಿಂತಿರುವುದು 13.

ಡೇರಿಯಸ್‌ನ ಮಗ ಕ್ಸೆರ್ಕ್ಸಸ್ ಕಟ್ಟಿಸಿದ 'ಸಕಲ ದೇಶಗಳ ದ್ವಾರ'ದಲ್ಲಿ ಮನುಷ್ಯ ಮುಖ, ಗೂಳಿಯ ಮೈ, ರೆಕ್ಕೆಗಳಿರುವ ಬೃಹತ್ ಶಿಲ್ಪಗಳಿವೆ. ಮುಂಬೈನ ಫೋರ್ಟ್ ಪ್ರದೇಶದಲ್ಲಿ ಓಡಾಡಿದವರಿಗೆ ಇವು ಪರಿಚಿತ ಎನಿಸಬಹುದು. ಅಲ್ಲಿನ ಪಾರ್ಸಿ ಅಗ್ನಿ ಮಂದಿರಗಳ ಬಾಗಿಲಲ್ಲಿ ಇಂಥವೇ ಕಾವಲು ನಿಂತಿವೆ.

ಹೆಚ್ಚು ಹೊತ್ತು ನಿಂತು ನೋಡಬೇಕಾದದ್ದು ಅಪಾದಾನದ ಪೂರ್ವದ ಮೆಟ್ಟಿಲು. ಕುಸಿದ ಅವಶೇಷಗಳಡಿ ಶತಮಾನಗಳ ಕಾಲ ಹುದುಗಿದ್ದರಿಂದಲೇ ಅಲ್ಲಿನ ಕೆತ್ತನೆ ಇಷ್ಟು ಸ್ಪಷ್ಟವಾಗಿ ಉಳಿದಿದೆ. ಸಾಮ್ರಾಜ್ಯದ 23 ಜನಾಂಗಗಳ ನಿಯೋಗಗಳು ದೊರೆಗೆ ಕಾಣಿಕೆ ತರುತ್ತಿರುವ ಮೆರವಣಿಗೆ ಅದು. ಸಿಂಧೂ ಪ್ರದೇಶದ ಭಾರತೀಯರೂ ಅದರಲ್ಲಿದ್ದಾರೆ. ಪಂಚೆಯಂಥ ಉಡುಗೆ, ಹೆಗಲ ಮೇಲೆ ಅಡ್ಡೆ, ಅದರ ಎರಡೂ ತುದಿಗೆ ಬುಟ್ಟಿ. ಒಳಗಿರುವುದು ಚಿನ್ನದ ಪುಡಿ ಎಂದು ಹಲವು ವಿದ್ವಾಂಸರ ಊಹೆ. ಭಾರತೀಯರು ಪರ್ಷಿಯಾಕ್ಕೆ ವರ್ಷಕ್ಕೆ 360 ಟ್ಯಾಲೆಂಟ್ ತೂಕದ ಚಿನ್ನದ ಪುಡಿ ಸಲ್ಲಿಸುತ್ತಿದ್ದರು ಎಂದು ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿದ್ದಾನೆ.

ಕಲ್ಲಿನ ಮೇಲೆ ಎಲ್ಲರೂ ಶಾಂತವಾಗಿ, ಕೆಲವರು ಕೈ ಕೈ ಹಿಡಿದು ನಡೆಯುತ್ತಾರೆ. ಇದು ದೊರೆ ತೋರಿಸಬಯಸಿದ ಸಾಮ್ರಾಜ್ಯ. ಅದು ದಿನನಿತ್ಯ ನಡೆಯುತ್ತಿದ್ದ ಬಗೆ ಗೊತ್ತಾಗಿದ್ದು ಬೇರೆಡೆಯಿಂದ.

1933ರಲ್ಲಿ ಪುರಾತತ್ವಜ್ಞ ಅರ್ನ್ಸ್ಟ್ ಹರ್ಟ್ಸ್‌ಫೆಲ್ಡ್ ತಂಡಕ್ಕೆ ಕೋಟೆ ಗೋಡೆಯ ಕೋಣೆಗಳಲ್ಲಿ ಸಾವಿರಾರು ಮಣ್ಣಿನ ಫಲಕಗಳು ಸಿಕ್ಕವು. ಹೆಚ್ಚಿನವು ಎಲಾಮೈಟ್ ಭಾಷೆಯಲ್ಲಿವೆ. ಯುದ್ಧ, ವಿಜಯಗಳ ಸುದ್ದಿ ಅವುಗಳಲ್ಲಿಲ್ಲ. ಇರುವುದು ಯಾರಿಗೆ ಎಷ್ಟು ಧಾನ್ಯ, ಎಷ್ಟು ದ್ರಾಕ್ಷಾರಸ ಕೊಡಲಾಯಿತು ಎಂಬ ಕಚೇರಿ ಲೆಕ್ಕ. ಭಾರತದಿಂದ ಸೂಸಾ ನಗರಕ್ಕೆ ಹೊರಟ ಪ್ರಯಾಣಿಕರಿಗೆ ಹಿಟ್ಟು ಕೊಟ್ಟ ದಾಖಲೆಯೂ ಉಂಟು. ಹೆತ್ತ ಹೆಣ್ಣಾಳುಗಳಿಗೆ ಹೆಚ್ಚುವರಿ ಪಡಿ ಸಿಗುತ್ತಿತ್ತು, ಆದರೆ ಗಂಡುಮಗು ಹೆತ್ತವಳಿಗೆ ಹೆಣ್ಣುಮಗು ಹೆತ್ತವಳ ಎರಡರಷ್ಟು.

ಅಧ್ಯಯನಕ್ಕೆಂದು ಇರಾನ್ ಈ ಫಲಕಗಳನ್ನು 1930ರ ದಶಕದಲ್ಲಿ ಅಮೆರಿಕದ ಷಿಕಾಗೊ ವಿಶ್ವವಿದ್ಯಾಲಯಕ್ಕೆ ಎರವಲು ಕೊಟ್ಟಿತ್ತು. ಮುಂದೆ ಅವು ಊಹಿಸದ ವ್ಯಾಜ್ಯಕ್ಕೆ ಸಿಲುಕಿದವು. 1997ರಲ್ಲಿ ಜೆರುಸಲೇಮಿನಲ್ಲಿ ಹಮಾಸ್ ನಡೆಸಿದ ಆತ್ಮಾಹುತಿ ದಾಳಿಯಲ್ಲಿ ಗಾಯಗೊಂಡ ಅಮೆರಿಕನ್ನರು, ಹಮಾಸ್‌ಗೆ ಇರಾನ್ ಬೆಂಬಲವಿದೆ ಎಂದು ಮೊಕದ್ದಮೆ ಹೂಡಿದ್ದರು. 7.15 ಕೋಟಿ ಡಾಲರ್ ಪರಿಹಾರ ನೀಡುವಂತೆ ಅಮೆರಿಕದ ನ್ಯಾಯಾಲಯ ಆದೇಶಿಸಿತು. ಇರಾನ್ ಹಣ ಕೊಡಲಿಲ್ಲ. ಆಗ ಅವರು ಫಲಕಗಳನ್ನೇ ಜಪ್ತಿ ಮಾಡಿಸಲು ಹೊರಟರು. ಅವರ ನೋವು ನಿಜ, ಬಾಕಿಯೂ ನಿಜ. ಆದರೆ 2,500 ವರ್ಷಗಳ ಒಂದೇ ಕಡತ ಬಿಡಿಬಿಡಿಯಾಗಿ ಹರಾಜಾದರೆ ಅದನ್ನು ಮತ್ತೆ ಜೋಡಿಸಿ ಓದುವುದು ಯಾರಿಗೂ ಸಾಧ್ಯವಾಗುತ್ತಿರಲಿಲ್ಲ. ಫಲಕಗಳನ್ನು ಜಪ್ತಿ ಮಾಡುವಂತಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2018ರ ಫೆಬ್ರುವರಿಯಲ್ಲಿ ತೀರ್ಪು ನೀಡಿತು. ಮರುವರ್ಷ 1,783 ಫಲಕಗಳು ಇರಾನ್‌ಗೆ ಮರಳಿದವು.

ಪ್ರವಾಸಿಗರಿಗೆ ಒಂದೆರಡು ಮಾತು. ಸ್ಥಳೀಯರ ಬಾಯಲ್ಲಿ ಈ ಜಾಗದ ಹೆಸರು ತಖ್ತ್-ಎ-ಜಮ್‌ಶೀದ್. ಜಗಲಿಯ ಮೇಲೆ ನೆರಳು ಕಡಿಮೆ, ಆದ್ದರಿಂದ ವಸಂತ ಅಥವಾ ಶರತ್ಕಾಲದ ಬೆಳಗಿನ ಹೊತ್ತು ಒಳ್ಳೆಯದು. ಸೈರಸ್ ದೊರೆಯ ಸಮಾಧಿ ಇರುವ ಪಸರ್ಗಡೆ, ಬಂಡೆಯಲ್ಲಿ ಕೊರೆದ ರಾಜಸಮಾಧಿಗಳ ನಖ್ಶ್-ಎ-ರುಸ್ತಂ ಕೂಡ ಇದೇ ದಾರಿಯಲ್ಲಿ ಸಿಗುತ್ತವೆ. ಟಿಕೆಟ್ ಕಾಯ್ದಿರಿಸುವ ಮೊದಲು ಭಾರತದ ವಿದೇಶಾಂಗ ಸಚಿವಾಲಯದ ಪ್ರಯಾಣ ಸೂಚನೆಯನ್ನು ತಪ್ಪದೆ ನೋಡಬೇಕು.